ಡಕ್ಟ್ ಟೇಪ್: ಆಯ್ಕೆ, ಬಳಕೆ, ಮಿತಿ

ಕಿರಿಯ: ಹಾರ್ಡ್‌ವೇರ್ ಅಂಗಡಿಯಲ್ಲಿ ಬೂದಿ ಬಣ್ಣದ ಟೇಪಿನ ಸುರುಳಿಗಳು ಸಾಲಾಗಿ ತೂಗುತ್ತಿರುತ್ತವೆ. ಎಲ್ಲದರ ಮೇಲೂ ಡಕ್ಟ್ ಟೇಪ್ ಎಂದೇ ಬರೆದಿರುತ್ತದೆ. ಬೆಲೆ ಮಾತ್ರ ಒಂದಕ್ಕೊಂದು ಎರಡು ಮೂರು ಪಟ್ಟು ಬೇರೆ. ಇಷ್ಟು ಅಂತರಕ್ಕೆ ಕಾರಣವೇನು ಅಣ್ಣ?

ಹಿರಿಯ: ಪದರಗಳು. ಡಕ್ಟ್ ಟೇಪಿನಲ್ಲಿ ಮೂರು ಪದರ ಇರುತ್ತವೆ. ಮೇಲಿನದು ಪಾಲಿಥಿನ್ ಹಾಳೆ; ನೀರು ತಡೆಯುವ ಕೆಲಸ ಅದರದು. ನಡುವಿನದು ಹತ್ತಿ ಅಥವಾ ಪಾಲಿಯೆಸ್ಟರ್ ನೂಲಿನ ಜಾಳುಬಟ್ಟೆ. ಎಳೆತ ಹೊರುವುದು ಅದು. ಕೆಳಗಿನದು ರಬ್ಬರಿಗೆ ರಾಳ ಬೆರೆಸಿದ ಅಂಟು. ಅಗ್ಗದ ಟೇಪಿನಲ್ಲಿ ಈ ಮೂರೂ ಸೊರಗಿರುತ್ತವೆ: ಹಾಳೆ ತೆಳು, ನೂಲು ವಿರಳ, ಅಂಟು ಸವರಿದಷ್ಟೇ. ಸುರುಳಿಯಲ್ಲಿದ್ದಾಗ ಇದು ಕಣ್ಣಿಗೆ ಕಾಣುವುದಿಲ್ಲ. ಕೆಲಸಕ್ಕೆ ಹಚ್ಚಿ ಒಂದು ಬಿಸಿಲುಗಾಲ ಕಳೆದರೆ ಕಾಣುತ್ತದೆ.

ಕಿರಿಯ: ಬಟ್ಟೆ ಅಷ್ಟು ಎಳೆತ ಹೊರುತ್ತದೆ ಎಂದಾದರೆ, ಕತ್ತರಿ ಇಲ್ಲದೆ ಕೈಯಲ್ಲೇ ಹರಿಯಲು ಬರುವುದು ಹೇಗೆ?

ಹಿರಿಯ: ಟೇಪನ್ನು ಉದ್ದಕ್ಕೆ ಎಳೆದಾಗ ಭಾರ ಉದ್ದನೂಲುಗಳಿಗೆಲ್ಲ ಒಟ್ಟಿಗೆ ಹಂಚಿಹೋಗುತ್ತದೆ, ಆದ್ದರಿಂದ ಅದು ಹರಿಯದು. ಅಂಚಿನಲ್ಲಿ ಹಿಡಿದು ಅಡ್ಡಕ್ಕೆ ಸೀಳಿದಾಗ ಬಲವೆಲ್ಲ ಒಂದೊಂದೇ ನೂಲಿನ ಮೇಲೆ ಬೀಳುತ್ತದೆ. ಒಂದರ ನಂತರ ಒಂದು ತುಂಡಾಗುತ್ತದೆ. ಅಡ್ಡನೂಲು ಆ ಸೀಳನ್ನು ನೇರವಾಗಿ ಕೊಂಡೊಯ್ಯುತ್ತದೆ. ನೀರು ತಡೆಯಬೇಕು, ಎಳೆತ ತಾಳಬೇಕು, ಅವಸರದಲ್ಲಿ ಕೈಯಿಂದಲೇ ತೆಗೆಯಲೂ ಬರಬೇಕು. ಇಂಥ ಟೇಪಿಗೆ ಬೇಡಿಕೆ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ.

ಕಿರಿಯ: ಯುದ್ಧಕ್ಕೂ ಟೇಪಿಗೂ ಏನು ನಂಟು?

ಹಿರಿಯ: ಅಮೆರಿಕದ ಇಲಿನಾಯ್ ರಾಜ್ಯದ ಗ್ರೀನ್ ರಿವರ್ ಮದ್ದುಗುಂಡು ಕಾರ್ಖಾನೆಯಲ್ಲಿ ವೆಸ್ಟಾ ಸ್ಟೌಟ್ ಎಂಬ ಮಹಿಳೆ ಕೆಲಸದಲ್ಲಿದ್ದರು. ಅಲ್ಲಿ ಮದ್ದಿನ ಪೆಟ್ಟಿಗೆಗಳಿಗೆ ಕಾಗದದ ಟೇಪ್ ಅಂಟಿಸಿ, ಮೇಲೆ ಮೇಣ ಹಾಕಿ ನೀರು ಹೋಗದಂತೆ ಮುಚ್ಚುತ್ತಿದ್ದರು. ಬಿಚ್ಚಲೆಂದು ಬಿಟ್ಟ ಟೇಪಿನ ತುದಿಯನ್ನು ಎಳೆದರೆ ಅದೇ ಕಿತ್ತು ಬರುತ್ತಿತ್ತು, ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಶತ್ರುವಿನ ಎದುರು ನಿಂತ ಸೈನಿಕನಿಗೆ ಆ ತಡ ಪ್ರಾಣಾಂತಿಕ. ಮಕ್ಕಳು ನೌಕಾಪಡೆಯಲ್ಲಿದ್ದ ಆ ತಾಯಿ 1943ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೇ ಕಾಗದ ಬರೆದು, ಗಟ್ಟಿ ಬಟ್ಟೆಯ ಜಲನಿರೋಧಕ ಟೇಪ್ ಬಳಸಬೇಕೆಂದು ಚಿತ್ರಸಹಿತ ತಿಳಿಸಿದರು. ಸಲಹೆ ಯುದ್ಧೋತ್ಪಾದನಾ ಮಂಡಳಿಗೆ ಹೋಯಿತು; ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಟೇಪ್ ತಯಾರಿಸಿತು. ಆಗ ಅದರ ಬಣ್ಣ ಸೇನೆಯ ಹಸಿರು. ಯುದ್ಧ ಮುಗಿದ ಮೇಲೆ ಮನೆಗಳಿಗೆ ಗಾಳಿ ಒಯ್ಯುವ ತಗಡಿನ ನಾಳಗಳ ಕೆಲಸಕ್ಕೆ ಬಂದು ಬೆಳ್ಳಿ ಬಣ್ಣಕ್ಕೆ ತಿರುಗಿತು.

ಕಿರಿಯ: ನೀರಿನಲ್ಲಿ ನೆನೆಸದೆ, ಬಿಸಿ ಮಾಡದೆ, ಒಣಗಲು ಬಿಡದೆ ಅದು ಅಂಟುವುದಾದರೂ ಹೇಗೆ?

ಹಿರಿಯ: ಒತ್ತಡದಿಂದ. ಈ ಅಂಟು ಎಂದೂ ಪೂರ್ತಿ ಗಟ್ಟಿಯಾಗದ, ಬಹು ನಿಧಾನವಾಗಿ ಹರಿಯುವ ಮೆದು ಪದಾರ್ಥ. ಒತ್ತಿದಾಗ ಮೇಲ್ಮೈಯ ಸಣ್ಣ ತಗ್ಗುಗಳಿಗೆ ಇಳಿಯುತ್ತದೆ; ಎಷ್ಟು ಇಳಿಯಿತೋ ಅಷ್ಟು ಹಿಡಿತ. ಹರಿವು ನಿಧಾನವಾದ್ದರಿಂದ ಅಂಟಿಸಿದ ಕ್ಷಣಕ್ಕಿಂತ ಒಂದು ದಿನದ ನಂತರ ಹಿಡಿತ ಹೆಚ್ಚಿರುತ್ತದೆ. ಇದರಿಂದ ಎರಡು ಪಾಠಗಳಿವೆ. ಅಂಟಿಸಿದ ಮೇಲೆ ಬಲವಾಗಿ ಉಜ್ಜಬೇಕು. ಸಾಧ್ಯವಿದ್ದಾಗಲೆಲ್ಲ ಒಂದು ದಿನ ಭಾರ ಹೇರದೆ ಬಿಡಬೇಕು.

ಕಿರಿಯ: ಚೆನ್ನಾಗಿ ಉಜ್ಜಿ ಅಂಟಿಸಿದ ಟೇಪೂ ಒಂದು ಮೂಲೆ ಎದ್ದಿತೆಂದರೆ ಪೂರ್ತಿ ಬಿಚ್ಚಿಕೊಳ್ಳುತ್ತದಲ್ಲ?

ಹಿರಿಯ: ಟೇಪಿನ ಕೆಲಸದಲ್ಲಿ ಮೊದಲು ತಿಳಿಯಬೇಕಾದದ್ದೇ ಅದು. ಟೇಪನ್ನು ಮೇಲ್ಮೈಗೆ ಸಮಾನಾಂತರವಾಗಿ ಜಾರಿಸುವಂತೆ ಎಳೆದರೆ, ಅಂಟಿದ ಇಡೀ ಜಾಗ ಒಟ್ಟಾಗಿ ಪ್ರತಿರೋಧ ತೋರುತ್ತದೆ. ಅದೇ ಟೇಪನ್ನು ತುದಿಯಿಂದ ಎತ್ತಿ ಸುಲಿದರೆ, ಬಲವೆಲ್ಲ ಒಂದು ಸಣ್ಣ ಗೆರೆಯ ಮೇಲೆ ಬಿದ್ದು, ಗೆರೆ ಹಿಂದೆ ಸರಿಯುತ್ತ ಹೋಗುತ್ತದೆ. ಜಾರುಬಲಕ್ಕೆ ಡಕ್ಟ್ ಟೇಪ್ ಗಟ್ಟಿ, ಸುಲಿತಕ್ಕೆ ದುರ್ಬಲ. ಭಾರ ಯಾವ ದಿಕ್ಕಿನಿಂದ ಬರುತ್ತದೆ ಎಂದು ನೋಡಿ, ಅದು ಟೇಪಿನ ಉದ್ದಕ್ಕೆ ಹರಿಯುವಂತೆ ಅಂಟಿಸಿದವನ ಕೆಲಸ ನಿಲ್ಲುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸುವುದೂ ಇದಕ್ಕಾಗಿಯೇ. ದುಂಡು ಅಂಚಿನಲ್ಲಿ ಸುಲಿತ ಶುರುವಾಗಲು ಮೊನೆ ಸಿಗುವುದಿಲ್ಲ.

ಕಿರಿಯ: ಕೊಳ್ಳುವ ಮಾತಿಗೆ ಬರೋಣ. ಅಂಗಡಿಯಲ್ಲಿ ಯಾವುದನ್ನು ನೋಡಬೇಕು?

ಹಿರಿಯ: ಮೊದಲು ದಪ್ಪ. ಹೊರದೇಶದ ಟೇಪಿನ ಮೇಲೆ ದಪ್ಪವನ್ನು ಮಿಲ್ ಲೆಕ್ಕದಲ್ಲಿ ಬರೆದಿರುತ್ತಾರೆ; ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, 25.4 ಮೈಕ್ರಾನ್. ನಮ್ಮಲ್ಲಿ ಮೈಕ್ರಾನ್ ಲೆಕ್ಕವೇ ಹೆಚ್ಚು. ಪೆಟ್ಟಿಗೆ ಮುಚ್ಚುವಂಥ ಒಳಗಿನ ಹಗುರ ಕೆಲಸಕ್ಕೆ 150ರಿಂದ 230 ಮೈಕ್ರಾನ್ ಸಾಕು. ಹೊರಗಿನ ದುರಸ್ತಿಗೆ 250 ಮೈಕ್ರಾನಿಗಿಂತ ಕಡಿಮೆಯದು ಬೇಡ. ಭಾರಿ ಕೆಲಸದ ಟೇಪುಗಳು 330ರಿಂದ 430 ಮೈಕ್ರಾನ್‌ವರೆಗೆ ಇರುತ್ತವೆ. ಆ ಹೆಚ್ಚಿನ ದಪ್ಪದಲ್ಲಿ ಅಂಟಿನ ಪಾಲು ದೊಡ್ಡದಿರಬೇಕು. ಇಟ್ಟಿಗೆ, ಒರಟು ಮರ, ಸಿಮೆಂಟಿನಂಥ ಏರುತಗ್ಗಿನ ಮೈಯನ್ನು ತುಂಬುವುದು ಅಂಟೇ.

ಕಿರಿಯ: ದಪ್ಪ ಬರೆಯದ ಸುರುಳಿಗಳೂ ಬೇಕಾದಷ್ಟಿವೆ.

ಹಿರಿಯ: ಆಗ ಕೈಯೇ ಅಳತೆ. ಗೇಣುದ್ದ ಬಿಚ್ಚಿ ಅಂಟಿನ ಬದಿಯನ್ನು ನೋಡಬೇಕು. ನೂಲು ಒತ್ತೊತ್ತಾಗಿ, ಚೌಕ ಸಣ್ಣದಾಗಿ ಇದ್ದರೆ ಒಳ್ಳೆಯದು. ಬಟ್ಟೆಯ ಎಳೆಗಳು ಅಂಟಿನಲ್ಲಿ ಮುಳುಗಿರಬೇಕು. ಎಳೆ ಉಬ್ಬಿ ಬರಿದಾಗಿ ಕಂಡರೆ ಅಂಟು ಕಡಿಮೆ ಎಂದು ಅರ್ಥ. ಅಡ್ಡಕ್ಕೆ ಹರಿದಾಗ ಅಂಚು ನೇರವಾಗಿ ಬರಬೇಕು. ಹರಿದ ಅಂಚಿನಲ್ಲಿ ಉಗುರಿನಿಂದ ಕೆರೆದಾಗ ಪಾಲಿಥಿನ್ ಹಾಳೆ ಬಟ್ಟೆಯಿಂದ ಸುಲಿದು ಬಂದರೆ ಆ ಸುರುಳಿಯನ್ನು ಬಿಟ್ಟುಬಿಡಬೇಕು. ಸುರುಳಿಯ ಪಕ್ಕಗಳಲ್ಲಿ ಅಂಟು ಒಸರಿದ್ದರೆ ಅದು ಬಿಸಿಲಲ್ಲಿ ಕೂತಿದ್ದ ಮಾಲು. ಅಗಲದಲ್ಲಿ ಸಾಮಾನ್ಯವಾಗಿ ಸಿಗುವ 48 ಮಿಲಿಮೀಟರ್, ಅಂದರೆ ಸುಮಾರು ಎರಡಿಂಚು, ಹೆಚ್ಚಿನ ಕೆಲಸಕ್ಕೆ ಸಾಕು.

ಕಿರಿಯ: ಬಣ್ಣದಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಹಿರಿಯ: ಹೊರಗಿನ ಕೆಲಸದಲ್ಲಿ ಆಗುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಪಾಲಿಥಿನ್ನನ್ನು ಒಡಕಲು ಮಾಡುತ್ತದೆ, ರಬ್ಬರ್ ಅಂಟನ್ನು ಒಣಗಿಸಿ ಹುಡಿ ಮಾಡುತ್ತದೆ. ಕಪ್ಪು ಬಣ್ಣಕ್ಕೆ ಹಾಕುವ ಇಂಗಾಲದ ಮಸಿ ಆ ಕಿರಣವನ್ನು ತಾನೇ ಹೀರಿ ಒಳಗಿನ ಪದರಗಳನ್ನು ಕಾಯುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಬಯಲಲ್ಲಿ ಇರಬೇಕಾದ ಕಡೆ ಕಪ್ಪು ಟೇಪು, ಅದರಲ್ಲೂ ಯುವಿ ತಡೆ ಇದೆಯೆಂದು ಬರೆದದ್ದು ಸೂಕ್ತ. ಅಂಟಿನಲ್ಲೂ ಎರಡು ಬಗೆ. ರಬ್ಬರ್ ಅಂಟು ಮುಟ್ಟಿದ ಕೂಡಲೇ ಕಚ್ಚುತ್ತದೆ, ಒರಟು ಮೈಯನ್ನೂ ಹಿಡಿಯುತ್ತದೆ, ಆದರೆ ಬಿಸಿಲಿಗೆ ಬೇಗ ಸೋಲುತ್ತದೆ. ಅಕ್ರಿಲಿಕ್ ಅಂಟು ನಿಧಾನವಾಗಿ ಹಿಡಿಯುತ್ತದೆ, ಬಿಸಿಲಲ್ಲಿ ಬಹುಕಾಲ ಬಾಳುತ್ತದೆ.

ಕಿರಿಯ: ಹಾಗಾದರೆ ಒಳ್ಳೆಯ ಡಕ್ಟ್ ಟೇಪ್ ಒಂದಿದ್ದರೆ ಬೇರೆ ಟೇಪೇ ಬೇಡವೇ?

ಹಿರಿಯ: ಬೇಕು. ಚಾವಣಿಯ ತಗಡಿನ ತೂತು, ಶೀಟಿನ ಮೊಳೆಯ ಸಂದು, ಮೋರಿತಗಡಿನ ಕೂಡು ಮುಂತಾದ ಕಡೆ ಬ್ಯೂಟೈಲ್ ರಬ್ಬರಿನ ಟೇಪು ಹಾಕಬೇಕು. ದಪ್ಪನೆಯ ಮೆದು ರಬ್ಬರು, ಮೇಲೆ ಅಲ್ಯೂಮಿನಿಯಂ ಹಾಳೆ, ಮಳೆ ಬಿಸಿಲು ಎರಡನ್ನೂ ತಾಳುತ್ತದೆ. ವೈರಿನ ಕೂಡಿಗೆ ಪಿವಿಸಿ ಇನ್ಸುಲೇಶನ್ ಟೇಪು, ಪೈಪಿನ ಮರೆಗೆ ಟೆಫ್ಲಾನ್ ಟೇಪು. ತೆಗೆದಾಗ ಕಲೆ ಉಳಿಯಬಾರದ ಕಡೆ, ಅಂದರೆ ವೇದಿಕೆಯ ಮೇಲಿನ ಮೈಕಿನ ವೈರು, ಮದುವೆ ಮಂಟಪದ ನೆಲ ಇಂಥಲ್ಲಿ ಬಟ್ಟೆಬೆನ್ನಿನ ಗ್ಯಾಫರ್ ಟೇಪು. ಬಿಸಿಗಾಳಿಯ ನಾಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಟೇಪು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಶರ್ಮನ್ ಮತ್ತು ಇಯಾನ್ ವಾಕರ್ 1998ರಲ್ಲಿ ನಾಳದ ಕೂಡುಗಳನ್ನು ಮುಚ್ಚುವ ಹಲವು ಸಾಮಗ್ರಿಗಳನ್ನು ಪರೀಕ್ಷಿಸಿದಾಗ, ಬೇಗ ಸೋತದ್ದು ರಬ್ಬರ್ ಅಂಟಿನ ಬಟ್ಟೆಟೇಪೇ. ದಿನವೂ ಬಿಸಿಯೇರಿ ಆರುವ ಜಾಗ ಆ ಅಂಟಿಗೆ ಒಗ್ಗುವುದಿಲ್ಲ.

ಕಿರಿಯ: ಮಲೆನಾಡಿನ ಮನೆಗಳಲ್ಲಿ ಡಕ್ಟ್ ಟೇಪಿಗೆ ಮೊದಲು ಬರುವ ಕೆಲಸ ಟಾರ್ಪಾಲಿನದು. ಅಡಿಕೆ, ಕಾಫಿ ಹರಡಿ ಹರಡಿ ಸವೆದ ಟಾರ್ಪಾಲನ್ನು ಮಳೆಗಾಲದಲ್ಲಿ ಸೌದೆಯ ಮೇಲೆ ಹೊದಿಸುತ್ತಾರೆ. ಅದಕ್ಕೆ ಹಚ್ಚಿದ ಟೇಪು ನಿಲ್ಲುವುದೇ ಇಲ್ಲ ಎಂಬ ದೂರು ಎಲ್ಲ ಕಡೆ ಇದೆ.

ಹಿರಿಯ: ಈಗ ಬರುವ ಟಾರ್ಪಾಲು ಹೆಚ್ಚಾಗಿ ಪಾಲಿಥಿನ್ನಿನದು. ಪಾಲಿಥಿನ್, ಪಾಲಿಪ್ರೊಪಿಲೀನ್, ಸಿಲಿಕೋನ್ ಇವುಗಳ ಮೈ ಯಾವ ಅಂಟನ್ನೂ ಸುಲಭವಾಗಿ ಹತ್ತಿರ ಸೇರಿಸದು. ಟೇಪು ಸುರುಳಿಯಲ್ಲಿ ತನ್ನದೇ ಬೆನ್ನಿಗೆ ಅಂಟಿದ್ದರೂ ಸಲೀಸಾಗಿ ಬಿಚ್ಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಆ ಬೆನ್ನು ಪಾಲಿಥಿನ್. ಹಾಗಾಗಿ ಟಾರ್ಪಾಲಿನ ಒಂದೇ ಬದಿಗೆ ಟೇಪು ಹಚ್ಚಿ ನಂಬಿ ಕೂರುವಂತಿಲ್ಲ. ಎರಡೂ ಬದಿಗೆ ಹಚ್ಚಬೇಕು. ಹರುಕಿನ ಬಾಯಲ್ಲಿ ಮೇಲಿನ ಟೇಪಿನ ಅಂಟು ಕೆಳಗಿನ ಟೇಪಿನ ಅಂಟಿಗೆ ಮುಟ್ಟಿದರೆ ಆ ಹಿಡಿತ ಟಾರ್ಪಾಲಿನ ಹಿಡಿತಕ್ಕಿಂತ ಎಷ್ಟೋ ಬಲವಾದದ್ದು.

ಕಿರಿಯ: ಅದನ್ನು ಕ್ರಮವಾಗಿ ಹೇಳಿ.

ಹಿರಿಯ: ಟಾರ್ಪಾಲನ್ನು ಸೋಪುನೀರಿನಲ್ಲಿ ತೊಳೆದು, ಸೋಪಿನ ಅಂಶ ಹೋಗುವಂತೆ ಬರಿನೀರು ಹೊಯ್ದು, ಪೂರ್ತಿ ಒಣಗಿಸಬೇಕು. ಗಟ್ಟಿಯಾದ ಚಪ್ಪಟೆ ನೆಲದ ಮೇಲೆ ಹಾಸಿ, ಹರುಕಿನ ಸುತ್ತ ನಾಲ್ಕು ಬೆರಳಗಲ ಜಾಗವನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ಸೀಮೆಎಣ್ಣೆ ಬೇಡ, ಅದು ಜಿಡ್ಡಿನ ಪೊರೆ ಬಿಡುತ್ತದೆ. ನಯವಾದ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ ಮತ್ತೆ ಒರೆಸಬೇಕು. ಹರುಕಿನ ಎರಡು ತುದಿಯಲ್ಲೂ ಸಣ್ಣ ದುಂಡು ತೂತು ಮಾಡಿದರೆ ಸೀಳು ಮುಂದೆ ಓಡದು. ಗೇಣಿಗಿಂತ ಉದ್ದದ ಹರುಕಾದರೆ ದಬ್ಬಳ ಮತ್ತು ನೈಲಾನ್ ದಾರದಿಂದ ದೂರದೂರ ಹೊಲಿಗೆ ಹಾಕಿಕೊಳ್ಳಬೇಕು. ಗಾಳಿಯ ಎಳೆತವನ್ನು ದಾರ ಹೊರುತ್ತದೆ, ನೀರನ್ನು ಟೇಪು ತಡೆಯುತ್ತದೆ. ಟೇಪಿನ ತುಂಡು ಹರುಕಿಗಿಂತ ಎಲ್ಲ ಕಡೆ ಕನಿಷ್ಠ 5 ಸೆಂಟಿಮೀಟರ್ ಹೊರಗೆ ಚಾಚಿರಬೇಕು, ಮೂಲೆ ದುಂಡಗಿರಬೇಕು. ನಡುವಿನಿಂದ ಅಂಚಿಗೆ ಗಾಳಿ ಹೊರಡಿಸುತ್ತ ಒತ್ತಿ, ಚಮಚದ ಬೆನ್ನಿನಿಂದ ಉಜ್ಜಬೇಕು. ಆಮೇಲೆ ಮಗುಚಿ ಇನ್ನೊಂದು ಬದಿ.

ಕಿರಿಯ: ಅಂಟಿಸುವಾಗ ಬಿಗಿಯಾಗಿರಲೆಂದು ಎಳೆದು ಹಿಡಿಯಬಹುದೇ?

ಹಿರಿಯ: ಎಳೆಯಬಾರದು. ಎಳೆದ ಟೇಪು ಮತ್ತೆ ಕುಗ್ಗಲು ನೋಡುತ್ತದೆ, ಆ ಕುಗ್ಗುವಿಕೆ ತುದಿಯನ್ನು ತಾನೇ ಎಬ್ಬಿಸುತ್ತದೆ. ಬೇಕಾದಷ್ಟು ಉದ್ದ ಹರಿದುಕೊಂಡು, ಸಡಿಲವಾಗಿ ಇಟ್ಟು ಒತ್ತಬೇಕು. ಹಿಡಿಕೆಗೆ ಅಥವಾ ಕೊಳವೆಗೆ ಸುತ್ತುವಾಗ ಮಾತ್ರ ಹದವಾದ ಬಿಗಿ ಸರಿ; ಅಲ್ಲಿ ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು, ಕೊನೆಯ ಸುತ್ತು ಎಳೆಯದೆ ಮುಗಿಯಬೇಕು. ಇಳಿಜಾರಿನ ಮೇಲೆ ಸಾಲಾಗಿ ಪಟ್ಟಿ ಹಚ್ಚುವಾಗ, ಹೆಂಚು ಹೊದಿಸಿದ ಹಾಗೆ, ಕೆಳಗಿನಿಂದ ಶುರುಮಾಡಿ ಮೇಲಿನ ಪಟ್ಟಿ ಕೆಳಗಿನದರ ಮೇಲೆ ಬರಬೇಕು. ಆಗ ನೀರು ಸಂದಿಗೆ ನುಗ್ಗದೆ ಜಾರುತ್ತದೆ.

ಕಿರಿಯ: ತೊಳೆ, ಒರೆಸು, ಉಜ್ಜು ಎಂಬುದಕ್ಕೆ ಇಷ್ಟು ಒತ್ತು ಬೇಕೇ? ಅಂಟು ದಪ್ಪವಾಗಿದ್ದರೆ ಸ್ವಲ್ಪ ಧೂಳನ್ನು ಅದೇ ಸಂಭಾಳಿಸುವುದಿಲ್ಲವೇ?

ಹಿರಿಯ: ಸಂಭಾಳಿಸದು. ಧೂಳಿದ್ದರೆ ಟೇಪು ಅಂಟುವುದು ಧೂಳಿಗೆ, ವಸ್ತುವಿಗೆ ಅಲ್ಲ. ಇದಕ್ಕೆ ಚಂದ್ರನ ಮೇಲಿನ ಸಾಕ್ಷಿಯೇ ಇದೆ. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯಾತ್ರಿ ಯೂಜೀನ್ ಸರ್ನನ್ ಅವರ ಸುತ್ತಿಗೆ ತಗುಲಿ ಚಂದ್ರವಾಹನದ ಹಿಂದಿನ ಮಡ್‌ಗಾರ್ಡ್ ಮುರಿಯಿತು. ಅವರು ಅಲ್ಲೇ ಡಕ್ಟ್ ಟೇಪಿನಿಂದ ಜೋಡಿಸಿದರು. ಎಲ್ಲದರ ಮೇಲೂ ಕವಿದಿದ್ದ ನುಣುಪು ಧೂಳಿನಿಂದ ಟೇಪು ಹಿಡಿಯಲಿಲ್ಲ, ಜೋಡಿಸಿದ ತುಂಡು ಕಳಚಿಬಿತ್ತು. ಮರುದಿನ ನೌಕೆಯ ಒಳಗೆ ನಾಲ್ಕು ನಕ್ಷೆಗಳನ್ನು ಅದೇ ಬಗೆಯ ಟೇಪಿನಿಂದ ಕೂಡಿಸಿ, ಹೊರಗೆ ಹೋಗಿ ಅದನ್ನು ಕ್ಲ್ಯಾಂಪುಗಳಿಂದ ವಾಹನಕ್ಕೆ ಬಿಗಿದರು. ಉಳಿದ ಸಂಚಾರವಿಡೀ ಅದು ನಿಂತಿತು. ಶುಚಿಯಾದ ಮೈಗೆ ಟೇಪು, ಭಾರ ಬೀಳುವ ಕಡೆ ಕ್ಲ್ಯಾಂಪು. ದುರಸ್ತಿಯ ನಿಯಮವೆಲ್ಲ ಅಷ್ಟರಲ್ಲಿದೆ.

ಕಿರಿಯ: ಧೂಳು ಒರೆಸಬಹುದು. ಆದರೆ ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಆಷಾಢದಲ್ಲಿ ಒಣಗಿದ ಮೈ ಎಲ್ಲಿ ಸಿಗುತ್ತದೆ?

ಹಿರಿಯ: ಆ ಕಾರಣಕ್ಕೇ ಟೇಪಿನ ಕೆಲಸವನ್ನು ಮೃಗಶಿರಾ ಮಳೆ ಹಿಡಿಯುವ ಮೊದಲು, ಮೇ ತಿಂಗಳ ಬಿಸಿಲಿನಲ್ಲಿ ಮುಗಿಸಬೇಕು. ಒಣ ಮೈಗೆ ಅಂಟಿ ಒಂದು ದಿನ ಕಳೆದ ಟೇಪು ಆಮೇಲೆ ಮಳೆಯನ್ನು ತಾಳುತ್ತದೆ. ಒದ್ದೆ ಮೈಗೆ ಅಂಟಿಸಿದ್ದು ಮೊದಲ ದಿನವೇ ಜಾರುತ್ತದೆ, ಅಂಟಿಗೂ ಮೈಗೂ ನಡುವೆ ನೀರಿನ ಪೊರೆ ನಿಲ್ಲುವುದರಿಂದ. ಮಳೆಯ ನಡುವೆ ಅನಿವಾರ್ಯವಾದರೆ ವಸ್ತುವನ್ನು ಒಳಗೆ ತಂದು, ಒಲೆಯ ಶಾಖಕ್ಕೆ ದೂರದಿಂದ ಹಿಡಿದು ಅಥವಾ ಹೇರ್ ಡ್ರೈಯರಿನಿಂದ ಒಣಗಿಸಿಕೊಳ್ಳಬೇಕು. ಸ್ಪಿರಿಟ್ ಹಚ್ಚಿದ್ದರೆ ಬೆಂಕಿಯ ಹತ್ತಿರ ಸುಳಿಯಬಾರದು. ಚಳಿಗೂ ಲೆಕ್ಕವಿದೆ. 10 ಡಿಗ್ರಿಗಿಂತ ಕೆಳಗೆ ಅಂಟು ಸೆಟೆದು ಹರಿಯುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಮಾಗಿಯ ಮುಂಜಾವಿಗಿಂತ, ಇಬ್ಬನಿ ಆರಿದ ಮಧ್ಯಾಹ್ನ ಒಳ್ಳೆಯದು.

ಕಿರಿಯ: ಕಲಬುರಗಿ, ರಾಯಚೂರಿನ ಕಡೆಯ ಬಿಸಿಲಿಗೆ?

ಹಿರಿಯ: ಅಲ್ಲಿ ಸಮಸ್ಯೆ ತಿರುವುಮುರುವು. ಗಾಳಿಯೇ 40 ಡಿಗ್ರಿ ದಾಟಿದಾಗ ಬಿಸಿಲಿಗೆ ಕಾದ ತಗಡು 60 ಡಿಗ್ರಿ ಮೀರುತ್ತದೆ. ಆ ಶಾಖಕ್ಕೆ ರಬ್ಬರ್ ಅಂಟು ಮೆತ್ತಗಾಗಿ, ಭಾರ ಹೊತ್ತ ಟೇಪು ನಿಧಾನವಾಗಿ ಜರುಗುತ್ತದೆ. ಬಯಲುಸೀಮೆಯ ತಗಡಿನ ಚಾವಣಿಗೆ ಡಕ್ಟ್ ಟೇಪು ಒಂದೆರಡು ವಾರದ ತಡೆ ಮಾತ್ರ. ಬ್ಯೂಟೈಲ್ ಟೇಪು ಅಥವಾ ರಬ್ಬರ್ ವಾಷರಿನ ಸ್ಕ್ರೂ ಹಾಕುವುದೇ ನಿಜವಾದ ಕೆಲಸ. ನೆರಳಿನಲ್ಲಿರುವ ವಸ್ತುಗಳಿಗೆ ಅಂಥ ತೊಂದರೆ ಇಲ್ಲ.

ಕಿರಿಯ: ತೋಟದ ಪೈಪು ಸೋರಿದರೆ ಸುತ್ತುವುದು ಇದನ್ನೇ ಅಲ್ಲವೇ?

ಹಿರಿಯ: ಸುತ್ತುತ್ತಾರೆ, ಸೋರುತ್ತಲೇ ಇರುತ್ತದೆ. 10 ಮೀಟರ್ ಎತ್ತರದ ಟ್ಯಾಂಕಿನಿಂದ ಇಳಿಯುವ ನೀರಿಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಇರುತ್ತದೆ. ಅದು ಒಳಗಿನಿಂದ ಟೇಪನ್ನು ಎತ್ತುತ್ತದೆ, ಅಂದರೆ ಟೇಪು ದುರ್ಬಲವಾಗಿರುವ ದಿಕ್ಕಿನಲ್ಲೇ ತಳ್ಳುತ್ತದೆ. ಪಿವಿಸಿ ಪೈಪಿನ ಸೋರಿಕೆಗೆ ಆ ಭಾಗ ಕತ್ತರಿಸಿ ಕಪ್ಲಿಂಗ್ ಹಾಕಿ ಸಾಲ್ವೆಂಟ್ ಸಿಮೆಂಟ್ ಹಚ್ಚಬೇಕು. ಹನಿ ನೀರಾವರಿಯ ಲ್ಯಾಟರಲ್ ತುಂಡಾದರೆ ಜಾಯಿನರ್ ಇದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪವರ್ ಸ್ಪ್ರೇಯರಿನ ಪೈಪಿನಲ್ಲಂತೂ ಒತ್ತಡ ಇದರ ಅನೇಕ ಪಟ್ಟು. ಅಲ್ಲಿ ಟೇಪು ಸುತ್ತಿದರೆ ಒಡೆದ ಪೈಪಿನ ದ್ರಾವಣ ಕಣ್ಣಿಗೇ ಚಿಮ್ಮಬಹುದು. ಕೃಷಿ ಹೊಂಡದ ಹಾಳೆ ಹರಿದರೂ ಅದನ್ನು ಶಾಖದಿಂದ ಬೆಸೆಯಬೇಕು. ಒತ್ತಡವಿಲ್ಲದೆ ಹರಿಯುವ ಮೋರಿಕೊಳವೆಯ ಬಿರುಕು, ಬಕೆಟ್ಟಿನ ಒಡಕು ಇಂಥದಕ್ಕೆ ಮಾತ್ರ ಡಕ್ಟ್ ಟೇಪು ತಾತ್ಕಾಲಿಕ ಆಸರೆ.

ಕಿರಿಯ: ಯಾವ ಕಾರಣಕ್ಕೂ ಬಳಸಬಾರದ ಜಾಗಗಳು ಯಾವುವು?

ಹಿರಿಯ: ಕರೆಂಟಿನ ತಂತಿ ಮೊದಲನೆಯದು. ಡಕ್ಟ್ ಟೇಪಿನ ಬಟ್ಟೆ ಅಂಚಿನಿಂದ ತೇವ ಹೀರಬಲ್ಲದು, ಅದನ್ನು ವಿದ್ಯುತ್ ನಿರೋಧಕವೆಂದು ಪರೀಕ್ಷಿಸಿಯೂ ಇರುವುದಿಲ್ಲ. ವೈರಿಗೆ ಐಎಸ್ 7809 ಗುರುತಿನ ಇನ್ಸುಲೇಶನ್ ಟೇಪೇ ಆಗಬೇಕು. ಎರಡನೆಯದು ಅಡುಗೆ ಗ್ಯಾಸಿನ ಪೈಪು. ಬಿರುಕು ಕಂಡರೆ ಬದಲಿಸಬೇಕು, ಬೇರೆ ದಾರಿಯಿಲ್ಲ. ಮೂರನೆಯದು ಬಿಸಿ ಸೈಲೆನ್ಸರ್, ಹೊಗೆಕೊಳವೆ. ಪಾಲಿಥಿನ್ ಕರಗಿ ಉರಿಯುತ್ತದೆ. ನಾಲ್ಕನೆಯದು ಪ್ರಾಣದ ಭಾರ ಹೊರುವ ವಸ್ತುಗಳು: ಏಣಿಯ ಕಾಲು, ಬಿರುಕುಬಿಟ್ಟ ಹೆಲ್ಮೆಟ್, ಮರ ಹತ್ತುವ ಹಗ್ಗ. ಕೊಡಲಿಯ ಕಾವಿಗೆ ಹಿಡಿತಕ್ಕಾಗಿ ಟೇಪು ಸುತ್ತಬಹುದು, ಆದರೆ ಸೀಳಿದ ಕಾವನ್ನು ಟೇಪಿನಿಂದ ಕಟ್ಟಿ ಬೀಸಿದರೆ ಕೊಡಲಿಯ ತಲೆ ಹಾರುತ್ತದೆ. ಟೇಪು ಬಿರುಕನ್ನು ಮರೆಮಾಡುವುದರಿಂದ ಅಪಾಯ ಇನ್ನೂ ಹೆಚ್ಚು. ಗಾಯಕ್ಕೂ ಬೇಡ, ಬೆವರು ಆರದು, ತೆಗೆಯುವಾಗ ಚರ್ಮ ಸುಲಿಯುತ್ತದೆ.

ಕಿರಿಯ: ಬೇಡವಾದಾಗ ತೆಗೆಯುವುದು, ಉಳಿದ ಜಿಗುಟು ಹೋಗಿಸುವುದು ಹೇಗೆ?

ಹಿರಿಯ: ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ತುದಿಯನ್ನು ಹಿಂದಕ್ಕೆ ಮಡಿಸಿ, ಮೇಲ್ಮೈಗೆ ಒರಗಿದಂತೆ ನಿಧಾನವಾಗಿ ಸುಲಿಯಬೇಕು. ರಬ್ಬರ್ ಅಂಟಿನ ಜಿಗುಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಮೆತ್ತಗಾಗುತ್ತದೆ. ಒರೆಸಿ, ಸೋಪಿನಲ್ಲಿ ತೊಳೆಯಬೇಕು. ಲೋಹದ ಮೇಲೆ ಸೀಮೆಎಣ್ಣೆಯೂ ಆಗುತ್ತದೆ, ಬೆಂಕಿಯಿಂದ ದೂರವಿದ್ದರೆ. ಬಣ್ಣ ಬಳಿದ ಮೈ, ಪ್ಲಾಸ್ಟಿಕ್ಕಿನ ಮೇಲೆ ಯಾವ ದ್ರಾವಕವನ್ನಾದರೂ ಮೊದಲು ಮೂಲೆಯಲ್ಲಿ ಹಚ್ಚಿ ನೋಡಬೇಕು. ಬಿಸಿಲಲ್ಲಿ ತಿಂಗಳುಗಟ್ಟಲೆ ಒಣಗಿದ ಟೇಪು ಸುಲಿಯಲು ಬಾರದೆ ಚೂರಾಗುತ್ತದೆ. ಆದ್ದರಿಂದ ತಾತ್ಕಾಲಿಕ ಕೆಲಸ ಮುಗಿದ ಕೂಡಲೇ ತೆಗೆದುಬಿಡುವುದು ಸುಲಭ.

ಕಿರಿಯ: ಉಳಿದ ಸುರುಳಿಯನ್ನು ಇಡುವುದಕ್ಕೂ ಕ್ರಮವಿದೆಯೇ?

ಹಿರಿಯ: ತಗಡಿನ ಶೆಡ್ಡು, ಜೀಪಿನ ಡ್ಯಾಶ್‌ಬೋರ್ಡು ಬೇಡ. ಮನೆಯೊಳಗೆ ತಂಪಾದ ಕತ್ತಲ ಜಾಗದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಚಪ್ಪಟೆಯಾಗಿ ಮಲಗಿಸಿ ಇಡಬೇಕು. ನಿಲ್ಲಿಸಿದರೆ ತನ್ನ ಭಾರಕ್ಕೆ ಆಕಾರ ಕೆಡುತ್ತದೆ, ಚೀಲವಿಲ್ಲದಿದ್ದರೆ ಪಕ್ಕದ ಅಂಟಿಗೆ ಕಸ ಮೆತ್ತುತ್ತದೆ. ಚೆನ್ನಾಗಿಟ್ಟರೂ ಒಂದೆರಡು ವರ್ಷದಲ್ಲಿ ಅಂಟಿನ ಗುಣ ಇಳಿಯುತ್ತದೆ. ಹಾಗಾಗಿ ಒಂದು ಹಂಗಾಮಿಗೆ ಬೇಕಾದಷ್ಟು ಕೊಳ್ಳುವುದೇ ಲಾಭ.

ಕಿರಿಯ: ಹಚ್ಚಿದ ಟೇಪು ಎಷ್ಟು ಕಾಲ ನಿಲ್ಲುತ್ತದೆ ಎಂದು ಲೆಕ್ಕ ಹಾಕುವುದು?

ಹಿರಿಯ: ಒಳಗೆ, ನೆರಳಲ್ಲಿ, ಭಾರವಿಲ್ಲದ ಕಡೆ ವರ್ಷಗಳು ನಿಲ್ಲಬಹುದು. ಬಯಲಲ್ಲಿ ಹೆಚ್ಚೆಂದರೆ ಒಂದು ಹಂಗಾಮು ಎಂದು ಹಿಡಿದು, ತಿಂಗಳಿಗೊಮ್ಮೆ ಅಂಚುಗಳನ್ನು ನೋಡಬೇಕು. ಅಂಚು ಎದ್ದಿದ್ದರೆ ಮೇಲೆ ಇನ್ನೊಂದು ಪಟ್ಟಿ ಹಚ್ಚುವುದು ವ್ಯರ್ಥ. ಹಳೆಯದನ್ನು ಕಿತ್ತು, ಮೈ ಶುಚಿಮಾಡಿ, ಹೊಸದಾಗಿ ಹಚ್ಚಬೇಕು. ಒಂದೇ ಜಾಗ ಎರಡನೆಯ ಸಲ ಬಿಟ್ಟರೆ ಅಲ್ಲಿ ಬರುವ ಬಲ ಟೇಪಿನ ಅಳವಿಗೆ ಮೀರಿದ್ದು ಎಂದು ತಿಳಿದು, ಹೊಲಿಗೆ, ಸ್ಕ್ರೂ, ಕ್ಲ್ಯಾಂಪು ಅಥವಾ ಹೊಸ ಭಾಗಕ್ಕೆ ಹೋಗಬೇಕು.